ಹಾಸನ ಜಿಲ್ಲೆಯ ಜೈವಿಕ ಇಂಧನ ಕಾರ್ಯಕ್ರಮ

ಹಾಸನ ಜಿಲ್ಲೆಯ ಜೈವಿಕ ಇಂಧನ ಕಾರ್ಯಕ್ರಮವು ಹೊಂಗೆ, ಬೇವು, ಹಿಪ್ಪೆ ಮೊದಲಾದ ಮರಗಳ ಬೀಜದಿಂದ ಎಣ್ಣೆ ಹಾಗೂ ಜೈವಿಕ ಡೀಸೆಲ್ ಉತ್ಪಾದಿಸುವುದಕ್ಕೆ ಸಂಬಂಧಿಸಿದ ಸಂಶೋಧನಾ ಮತ್ತು ವಿಸ್ತರಣಾ ಕಾರ್ಯಕ್ರಮವಾಗಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವು ರಾಜ್ಯ ಸರ್ಕಾರದ ನೆರವಿನಿಂದ ಹಾಸನ ಸಮೀಪದ ಮಡೆನೂರಿನಲ್ಲಿ 2007ರಲ್ಲಿ ಆರಂಭಿಸಿದ ಜೈವಿಕ ಇಂಧನ ಉದ್ಯಾನವು ಇದರ ಕೇಂದ್ರವಾಗಿದೆ. ಆಹಾರ ಬೆಳೆಯುವ ಭೂಮಿಯನ್ನು ಬಳಸದೆ, ಹೊಲದ ಬದು, ಬೇಲಿ ಮತ್ತು ಪಾಳು ಜಾಗಗಳಲ್ಲಿ ಬೆಳೆದ ಮರಗಳಿಂದಲೇ ಇಂಧನ ಪಡೆಯುವುದು ಈ ಕಾರ್ಯಕ್ರಮದ ಮೂಲ ತತ್ತ್ವವಾಗಿದೆ.

ಹಿನ್ನೆಲೆ

ಸಸ್ಯಜನ್ಯ ಎಣ್ಣೆಯಿಂದ ಎಂಜಿನ್ ನಡೆಸುವ ಪ್ರಯತ್ನ ಹೊಸದಲ್ಲ. 1900ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ವಸ್ತುಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ ಒಂದನ್ನು ಕಡಲೆಕಾಯಿ ಎಣ್ಣೆಯಿಂದ ಓಡಿಸಲಾಗಿತ್ತು. ಕರ್ನಾಟಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸ ಅವರು 1990ರ ದಶಕದ ಕೊನೆಯ ಭಾಗದಲ್ಲಿ ಹೊಂಗೆ ಎಣ್ಣೆಯಿಂದ ಡೀಸೆಲ್ ಜನರೇಟರ್‌ಗಳನ್ನು ನಡೆಸಿ ಹಳ್ಳಿಗಳಿಗೆ ವಿದ್ಯುತ್ ಮತ್ತು ನೀರು ಒದಗಿಸುವ ಪ್ರಯೋಗಗಳನ್ನು ಕೈಗೊಂಡರು.

ಹೊಂಗೆ ಈ ಪ್ರದೇಶದ ರೈತರಿಗೆ ಮೊದಲಿನಿಂದಲೂ ಪರಿಚಿತ ಮರ. ಅದರ ಎಣ್ಣೆ ದೀಪಕ್ಕೆ, ಸೊಪ್ಪು ಗದ್ದೆಯ ಹಸಿರು ಗೊಬ್ಬರಕ್ಕೆ, ಹಿಂಡಿ ತೋಟಕ್ಕೆ ಬಳಕೆಯಾಗುತ್ತಿದ್ದವು. ಸೀಮೆಎಣ್ಣೆ ಮತ್ತು ವಿದ್ಯುತ್ ಬಂದ ಬಳಿಕ ದೀಪದ ಬಳಕೆ ಕಡಿಮೆಯಾಯಿತು.

ಪ್ರದೇಶದ ಸ್ವರೂಪ

ಹಾಸನ ಜಿಲ್ಲೆಯು ಮಲೆನಾಡು ಮತ್ತು ಬಯಲುಸೀಮೆಗಳ ನಡುವೆ ಹರಡಿದೆ. ಪಶ್ಚಿಮದ ಸಕಲೇಶಪುರದಲ್ಲಿ ವಾರ್ಷಿಕ ಮಳೆ 2000 ಮಿ.ಮೀ. ದಾಟಿದರೆ, ಪೂರ್ವದ ಚನ್ನರಾಯಪಟ್ಟಣದ ಕಡೆ ಸುಮಾರು 700 ಮಿ.ಮೀ. ಮಾತ್ರ ಬೀಳುತ್ತದೆ. ಹಾಸನ ತಾಲ್ಲೂಕಿನ ಗೊರೂರಿನಲ್ಲಿ ಹೇಮಾವತಿ ಜಲಾಶಯವಿದೆ. ಹೊಳೆನರಸೀಪುರ ಪಟ್ಟಣವು ಇದೇ ನದಿಯ ದಡದಲ್ಲಿದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿ ಹರಿಯುತ್ತದೆ. ಕಾಲುವೆ ನೀರು ಸಿಗುವಲ್ಲಿ ಭತ್ತ, ಮಳೆಯಾಶ್ರಿತ ಹೊಲಗಳಲ್ಲಿ ರಾಗಿ, ಮುಸುಕಿನ ಜೋಳ ಮತ್ತು ಆಲೂಗೆಡ್ಡೆ, ಚನ್ನರಾಯಪಟ್ಟಣದ ಕಡೆ ತೆಂಗು ಮುಖ್ಯ ಬೆಳೆಗಳಾಗಿವೆ.

ಅರಕಲಗೂಡು ಭಾಗದಲ್ಲಿ ವರ್ಜೀನಿಯಾ ಹೊಗೆಸೊಪ್ಪನ್ನೂ ಬೆಳೆಯಲಾಗುತ್ತದೆ. ಅದನ್ನು ಬ್ಯಾರನ್‌ಗಳಲ್ಲಿ ಹದಗೊಳಿಸಲು ಸೌದೆ ಬೇಕಾಗುತ್ತದೆ. ಆದ್ದರಿಂದ ಇಲ್ಲಿ ಮರಕ್ಕೆ ಬೀಜದ ಮೂಲವಾಗಿ ಮಾತ್ರವಲ್ಲದೆ ಉರುವಲಾಗಿಯೂ ಬೇಡಿಕೆಯಿದೆ.

ಬದುವಿನ ಮಾದರಿ

ಭಾರತದ ಹಲವೆಡೆ ಜೈವಿಕ ಡೀಸೆಲ್‌ಗಾಗಿ ಜತ್ರೋಪವನ್ನು ಏಕಬೆಳೆಯಾಗಿ ದೊಡ್ಡ ಪ್ರಮಾಣದಲ್ಲಿ ನೆಡಲಾಯಿತು. ಬಂಜರು ನೆಲದಲ್ಲಿ ನೀರು ಗೊಬ್ಬರಗಳಿಲ್ಲದೆ ಅದು ನಿರೀಕ್ಷಿತ ಇಳುವರಿ ನೀಡಲಿಲ್ಲ. ಹಾಸನದಲ್ಲಿ ಅನುಸರಿಸಿದ ಕ್ರಮ ಇದಕ್ಕಿಂತ ಭಿನ್ನ. ಪ್ರೊ. ಬಾಲಕೃಷ್ಣ ಗೌಡ ಅವರು ಸಂಯೋಜಕರಾಗಿದ್ದ ಈ ಕಾರ್ಯಕ್ರಮದಲ್ಲಿ ಹೊಂಗೆ, ಬೇವು, ಹಿಪ್ಪೆ, ಸುರಹೊನ್ನೆ, ಸಿಮರೂಬ, ಜತ್ರೋಪ ಮುಂತಾದ ಹಲವು ಜಾತಿಗಳನ್ನು ಬೆರೆಸಿ ಬದುಗಳಲ್ಲಿ ಬೆಳೆಸಲು ಉತ್ತೇಜನ ನೀಡಲಾಯಿತು. ಹೊಂಗೆಯ ಕಾಯಿ ಬೇಸಿಗೆಯಲ್ಲಿಯೂ ಬೇವಿನ ಹಣ್ಣು ಮಳೆಗಾಲದ ಆರಂಭದ ವೇಳೆಗೂ ಬಲಿಯುವುದರಿಂದ, ಮಿಶ್ರ ನೆಡುವಿಕೆಯಿಂದ ಬೀಜದ ಸಂಗ್ರಹಣೆ ವರ್ಷದ ಹೆಚ್ಚು ತಿಂಗಳುಗಳಿಗೆ ಹರಡುತ್ತದೆ.

ರೈತರಿಗೆ ಸಸಿ ಒದಗಿಸುವುದು, ಗ್ರಾಮಗಳಲ್ಲಿ ಬೆಳೆಗಾರರ ಸಂಘಗಳನ್ನು ರಚಿಸುವುದು, ಬೀಜ ಸಂಗ್ರಹಣೆ ಮತ್ತು ಎಣ್ಣೆ ತೆಗೆಯುವ ತರಬೇತಿ ನೀಡುವುದು ಕಾರ್ಯಕ್ರಮದ ಮುಖ್ಯ ಚಟುವಟಿಕೆಗಳು.

ತಯಾರಿಕೆಯ ವಿಧಾನ

ಹೊಂಗೆ ಬೀಜದಲ್ಲಿ ಸುಮಾರು ಶೇ. 30ರಿಂದ 40ರಷ್ಟು ಎಣ್ಣೆಯಿರುತ್ತದೆ. ಗಾಣದಲ್ಲಿ ಅಷ್ಟೂ ಎಣ್ಣೆ ಹೊರಬರುವುದಿಲ್ಲವಾದ್ದರಿಂದ ಒಂದು ಕಿಲೋ ಎಣ್ಣೆಗೆ ಸುಮಾರು ನಾಲ್ಕು ಕಿಲೋ ಬೀಜ ಬೇಕಾಗುತ್ತದೆ, ಉಳಿಯುವುದು ಹಿಂಡಿ. ಎಣ್ಣೆ ಕಹಿಯಾಗಿದ್ದು ಅಡುಗೆಗೆ ಬಳಕೆಯಾಗುವುದಿಲ್ಲ. ಆದಕಾರಣ ಇಂಧನಕ್ಕೆ ಬಳಸಿದರೂ ಖಾದ್ಯ ತೈಲದ ಪೂರೈಕೆಗೆ ತೊಂದರೆಯಾಗದು.

ಎಣ್ಣೆಯು ಡೀಸೆಲ್‌ಗಿಂತ ಬಹಳ ಮಂದವಾಗಿರುವುದರಿಂದ ಅದನ್ನು ಕ್ಷಾರ ವೇಗವರ್ಧಕದ ನೆರವಿನಿಂದ ಮೆಥನಾಲ್‌ನೊಂದಿಗೆ ಕಾಯಿಸಿ ಕಲಕಲಾಗುತ್ತದೆ. ಈ ಕ್ರಿಯೆಯಲ್ಲಿ ಜೈವಿಕ ಡೀಸೆಲ್ ಮತ್ತು ಗ್ಲಿಸರಿನ್ ಬೇರ್ಪಡುತ್ತವೆ. ಹಳೆಯ ಅಥವಾ ತೇವಗೊಂಡ ಬೀಜದ ಎಣ್ಣೆಯಲ್ಲಿ ಆಮ್ಲದ ಅಂಶ ಹೆಚ್ಚಿದ್ದು, ಕ್ಷಾರದೊಂದಿಗೆ ಸೇರಿ ಸಾಬೂನಾಗುತ್ತದೆ. ಅಂತಹ ಎಣ್ಣೆಯನ್ನು ಮೊದಲು ಆಮ್ಲದಿಂದ ಸಂಸ್ಕರಿಸಬೇಕಾಗುತ್ತದೆ. ಹೀಗಾಗಿ ಇಂಧನದ ಗುಣಮಟ್ಟವು ರೈತರ ಅಂಗಳದಲ್ಲಿ ಬೀಜ ಒಣಗಿಸುವ ಹಂತದಿಂದಲೇ ನಿರ್ಧಾರವಾಗುತ್ತದೆ.

ಸರ್ಕಾರದ ನೀತಿ

ಕರ್ನಾಟಕ ಸರ್ಕಾರವು 2009ರಲ್ಲಿ ರಾಜ್ಯ ಜೈವಿಕ ಇಂಧನ ನೀತಿಯನ್ನು ಪ್ರಕಟಿಸಿತು. ವೈ. ಬಿ. ರಾಮಕೃಷ್ಣ ಅವರ ಅಧ್ಯಕ್ಷತೆಯಲ್ಲಿ ಕರ್ನಾಟಕ ರಾಜ್ಯ ಜೈವಿಕ ಇಂಧನ ಅಭಿವೃದ್ಧಿ ಮಂಡಳಿ ಕಾರ್ಯನಿರ್ವಹಿಸಿತು. 'ಬರಡು ಬಂಗಾರ' ಮತ್ತು 'ಹಸಿರು ಹೊನ್ನು' ಯೋಜನೆಗಳಡಿ ಎಣ್ಣೆಬೀಜದ ಮರಗಳನ್ನು ನೆಡಲಾಯಿತು. ಕೇಂದ್ರ ಸರ್ಕಾರದ 2009ರ ರಾಷ್ಟ್ರೀಯ ನೀತಿಯು 2017ರ ವೇಳೆಗೆ ಶೇ. 20ರಷ್ಟು ಜೈವಿಕ ಇಂಧನ ಮಿಶ್ರಣವನ್ನು ಸೂಚಿಸಿತ್ತು. 2018ರ ನೀತಿಯು ಡೀಸೆಲ್‌ನಲ್ಲಿ ಶೇ. 5ರಷ್ಟು ಜೈವಿಕ ಡೀಸೆಲ್ ಬೆರೆಸುವ ಗುರಿಯನ್ನು 2030ಕ್ಕೆ ನಿಗದಿಪಡಿಸಿತು.

ಆರ್ಥಿಕ ಸವಾಲುಗಳು

ಕಾರ್ಯಕ್ರಮದ ಮುಖ್ಯ ತೊಡಕು ಬೀಜದ ಬೆಲೆಗೆ ಸಂಬಂಧಿಸಿದೆ. ಹೊಂಗೆ ಕಾಯಿಯನ್ನು ಮರದಿಂದ ಬಡಿದು, ಆಯ್ದು, ಒಣಗಿಸಿ, ಸಿಪ್ಪೆ ಬಿಡಿಸಬೇಕು. ಈ ಕೆಲಸಕ್ಕೆ ತಗಲುವ ಶ್ರಮಕ್ಕೆ ತಕ್ಕ ಪ್ರತಿಫಲ ಸಿಗದಿದ್ದರೆ ಕೂಲಿಕಾರರು ಬೇರೆ ಕೆಲಸಕ್ಕೆ ಹೋಗುತ್ತಾರೆ. ಕಾಯಿ ಮರದ ಬುಡದಲ್ಲೇ ಉಳಿಯುತ್ತದೆ. ಆದರೆ ಬೀಜದ ದರವನ್ನು ಕಿಲೋಗೆ ಒಂದು ರೂಪಾಯಿ ಹೆಚ್ಚಿಸಿದರೆ ಒಂದು ಕಿಲೋ ಎಣ್ಣೆಯ ಕಚ್ಚಾವಸ್ತುವಿನ ವೆಚ್ಚ ಸುಮಾರು ನಾಲ್ಕು ರೂಪಾಯಿ ಏರುತ್ತದೆ. ಹೀಗೆ ಬೀಜ ಆಯುವವರ ಕೂಲಿ ಮತ್ತು ಡೀಸೆಲ್‌ನ ದರ ಪರಸ್ಪರ ಎದುರಾಗುತ್ತವೆ. 2014ರ ಮಧ್ಯದಲ್ಲಿ ಬ್ಯಾರಲ್‌ಗೆ 100 ಡಾಲರ್‌ಗಿಂತ ಹೆಚ್ಚಿದ್ದ ಕಚ್ಚಾತೈಲದ ಬೆಲೆ 2015ರ ಜನವರಿಯಲ್ಲಿ 50 ಡಾಲರ್‌ಗಿಂತ ಕೆಳಗಿಳಿದಾಗ ಇಂತಹ ಇಂಧನಗಳಿಗೆ ಸ್ಪರ್ಧೆ ಕಠಿಣವಾಯಿತು.

ಸಸಿ ನೆಟ್ಟ ಕೆಲವು ವರ್ಷಗಳ ಬಳಿಕವಷ್ಟೇ ಹೊಂಗೆ ಕಾಯಿ ಬಿಡುತ್ತದೆ; ಉತ್ತಮ ಇಳುವರಿಗೆ ಇನ್ನೂ ಹೆಚ್ಚು ಕಾಲ ಬೇಕು. ಅಷ್ಟರವರೆಗೆ ಮರ ಕಾಯುವುದು, ಅದರ ನೆರಳಿನಿಂದ ಬದುವಿನಂಚಿನ ಬೆಳೆಗೆ ಆಗುವ ನಷ್ಟವನ್ನು ಭರಿಸುವುದು ಸಣ್ಣ ಹಿಡುವಳಿದಾರರಿಗೆ ಸುಲಭವಲ್ಲ. ಸಾಬೂನು ಮತ್ತು ಕೀಟನಾಶಕ ತಯಾರಕರಿಂದಲೂ ಇದೇ ಎಣ್ಣೆಗೆ ಬೇಡಿಕೆಯಿದೆ.

ಪರಿಸರ ಮಹತ್ವ

ಹೊಂಗೆ ದ್ವಿದಳ ಜಾತಿಯ ಮರ. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಾಣುಗಳ ನೆರವಿನಿಂದ ಗಾಳಿಯ ಸಾರಜನಕವನ್ನು ಸ್ಥಿರೀಕರಿಸುತ್ತದೆ. ಬದುವಿನಲ್ಲಿ ಬೇರೂರಿದ ಮರ ಮಳೆನೀರಿನೊಂದಿಗೆ ಮಣ್ಣು ಕೊಚ್ಚಿಹೋಗುವುದನ್ನು ತಡೆಯುತ್ತದೆ. ಸುಮಾರು ಶೇ. 4ರಷ್ಟು ಸಾರಜನಕವುಳ್ಳ ಹಿಂಡಿಯನ್ನು ಹೊಲಕ್ಕೆ ಮರಳಿಸಿದರೆ ರಾಸಾಯನಿಕ ಗೊಬ್ಬರದ ಅಗತ್ಯ ತಗ್ಗುತ್ತದೆ. ಇಂಧನದ ಮಾರಾಟ ಲಾಭದಾಯಕವಾಗದ ವರ್ಷಗಳಲ್ಲಿಯೂ ಸೊಪ್ಪು, ಹಿಂಡಿ ಮತ್ತು ಮಣ್ಣಿನ ರಕ್ಷಣೆಯ ರೂಪದಲ್ಲಿ ಮರದ ಪ್ರಯೋಜನ ರೈತರಿಗೆ ದೊರೆಯುತ್ತದೆ.