ಬಣ್ಣದ ಕೆಳಗಿನ ತುಕ್ಕು

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ತಾನು ಕೊಂಡ ಸೆಕೆಂಡ್ ಹ್ಯಾಂಡ್ ಕಾರನ್ನು ತೋರಿಸಲು ದೊಡವಾಡದ ನಮ್ಮ ಮನೆಗೆ ಬಂದಿದ್ದನು. ಮಡ್‌ಗಾರ್ಡಿನ ಅಂಚಿನಲ್ಲಿ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿತ್ತು. "ಸರ್, ಮ್ಯಾಲ ಒಂದ್ ಕೈ ಬಣ್ಣಾ ಹೊಡಿಸಿದ್ರ ಸಾಕಲ್ಲರೀ?" ಎಂದು ಕೇಳಿದನು. ಅವನಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ತುಸು ವಿಸ್ತರಿಸಿ ಬರೆಯುತ್ತಿದ್ದೇನೆ.

ಕಾರಿನ ಬಣ್ಣದ ಚರಿತ್ರೆ ನಮ್ಮ ಹೊಲಗಳಿಗೆ ದೂರದ್ದೇನಲ್ಲ. ನಮ್ಮ ಎರೆಭೂಮಿಯಲ್ಲಿ ಬೆಳೆಯುವ ಅಗಸೆಯ ಎಣ್ಣೆಯೇ ಹಿಂದಿನ ಎಣ್ಣೆಬಣ್ಣಗಳ ಜೀವಾಳವಾಗಿತ್ತು. ಕುದುರೆ ಸಾರೋಟುಗಳಿಗೆ ಬಳಿಯುತ್ತಿದ್ದ ಆ ಬಗೆಯ ಬಣ್ಣ, ವಾರ್ನಿಶುಗಳನ್ನೇ ಮೊದಲ ಕಾರುಗಳಿಗೂ ಬಳಿದರು. ಪದರದ ಮೇಲೆ ಪದರ ಬಳಿದು ಒಣಗಿಸಲು ವಾರಗಳೇ ಹಿಡಿಯುತ್ತಿದ್ದವು. 1923ರಲ್ಲಿ ಅಮೇರಿಕೆಯ ಡುಪಾಂಟ್ ಕಂಪನಿಯ 'ಡುಕೋ' ಬಣ್ಣ ಕಾರುಗಳಿಗೆ ಬಂದಿತು. ಸ್ಪ್ರೇ ಗನ್ನಿನಿಂದ ಹೊಡೆಯಬಹುದಾದ ಅದು ವಾರಗಳ ಕೆಲಸವನ್ನು ಗಂಟೆಗಳಿಗೆ ಇಳಿಸಿತು. ನಮ್ಮ ಗ್ಯಾರೇಜುಗಳಲ್ಲಿ 'ಡುಕೋ' ಎಂಬ ಮಾತು ಇಂದಿಗೂ ಉಳಿದಿದೆ. 1960ರ ದಶಕದಲ್ಲಿ ಕಾರಿನ ಇಡೀ ಕವಚವನ್ನು ಪ್ರೈಮರಿನ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹಾಯಿಸಿ, ಸಂದುಗೊಂದುಗಳಿಗೂ ಲೇಪ ಹಿಡಿಸುವ ವಿಧಾನ ಆರಂಭವಾಯಿತು. ಬಣ್ಣವು ಅಂದಕ್ಕಿಂತ ಮೊದಲು ಕಬ್ಬಿಣದ ರಕ್ಷೆಯೆಂಬುದನ್ನು ಈ ಚರಿತ್ರೆ ಹೇಳುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. 1994ರಲ್ಲಿ ಹೊಸ ಬಣ್ಣದ ಹೊಳಪಿಗೆ ಮರುಳಾಗಿ ಹಳೆಯ ಕಾರೊಂದನ್ನು ಕೊಂಡೆನು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಾಗಿಲುಗಳ ಕೆಳ ಅಂಚಿನಲ್ಲಿ ಗುಳ್ಳೆಗಳೆದ್ದವು. ಮೇಸ್ತ್ರಿಯು ಹಿಂದಿನ ಸೀಟಿನ ಕೆಳಗಿನ ಮ್ಯಾಟನ್ನು ಎತ್ತಿ ಸ್ಕ್ರೂಡ್ರೈವರಿನಿಂದ ಒತ್ತಿದನು. ಅದು ತಗಡಿನ ಮೂಲಕ ನೇರವಾಗಿ ಕೆಳಗಿಳಿಯಿತು. ಆ ತಗಡಿನ ಮೇಲೆಯೇ ನನ್ನ ಮಕ್ಕಳು ಕಾಲಿಟ್ಟು ಕೂರುತ್ತಿದ್ದರು! ಮಾರಿದವರು ತುಕ್ಕಿನ ಮೇಲೆಯೇ ಪುಟ್ಟಿ ತುಂಬಿ ಬಣ್ಣ ಹೊಡೆಸಿದ್ದರು.

ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ಆದ್ದರಿಂದ ಕಲ್ಲು ಸಿಡಿದು ಬಿದ್ದ ಸಣ್ಣ ಗಾಯದಿಂದ ಒಳಹೊಕ್ಕ ನೀರು ಸುತ್ತಲಿನ ಬಣ್ಣವನ್ನೂ ಎಬ್ಬಿಸುತ್ತ ಹೋಗುತ್ತದೆ. ನಮ್ಮ ಎರೆಮಣ್ಣಿನ ರಾಡಿ ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ತೇವ ಹಿಡಿದಿಟ್ಟರಂತೂ ಕೇಳುವುದೇ ಬೇಡ.

ಮದ್ದು ಸರಳವಾದರೂ ತಾಳ್ಮೆ ಬೇಡುತ್ತದೆ. ಮೊದಲು ತೊಳೆದು, ಸಡಿಲಾದ ಬಣ್ಣವನ್ನೆಲ್ಲ ಕೆರೆದು, ಹೊಳೆಯುವ ಲೋಹ ಕಾಣುವವರೆಗೆ ವಾಟರ್ ಪೇಪರಿನಿಂದ ಉಜ್ಜಬೇಕು. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ ನೀರು ಹಚ್ಚಿ ಉಜ್ಜುವುದು ಒಳಿತು, ಧೂಳು ಏಳುವುದಿಲ್ಲ. ಪೂರ್ತಿ ಒಣಗಿದ ಕೂಡಲೇ ಪ್ರೈಮರ್, ತಗ್ಗಿದ್ದಲ್ಲಿ ಮಾತ್ರ ಪುಟ್ಟಿ, ಅದರ ಮೇಲೆ ತೆಳುವಾಗಿ ಎರಡು ಮೂರು ಸಲ ಬಣ್ಣ. ಪುಟ್ಟಿ ತೇವ ಹೀರುವುದರಿಂದ ಅದನ್ನು ಬರಿದಾಗಿ ಬಿಡಬಾರದು. ಕೊಳ್ಳುವ ಮುನ್ನ ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವನ್ನು ಕಾರಿನ ಮೈಮೇಲೆ ಆಡಿಸಿ ನೋಡಿರಿ. ದಪ್ಪ ಪುಟ್ಟಿಯಿದ್ದಲ್ಲಿ ಅದು ಹಿಡಿಯುವುದಿಲ್ಲ.

ಕೆಲವು ವರ್ಷಗಳ ನಂತರ ಆ ಕಾರನ್ನು ಮಾರುವಾಗ, ಬಣ್ಣ ಹೊಡೆಸಿದರೆ ಹೆಚ್ಚು ಹಣ ಬರುವುದೆಂದು ದಲ್ಲಾಳಿ ಹೇಳಿದನು. ನಾನು ಒಪ್ಪಲಿಲ್ಲ. ಕೊಳ್ಳುವವರಿಗೆ ಮ್ಯಾಟು ಎತ್ತಿ ಬೆಸುಗೆಯ ತೇಪೆ ತೋರಿಸಿದೆನು. ಹಣ ಕಡಿಮೆ ಬಂದಿತು. ಆದರೆ ಆ ಮನೆಯಲ್ಲಿಯೂ ಮಕ್ಕಳಿದ್ದರು.

ವಿದ್ಯಾರ್ಥಿಯನ್ನು ಬೈಲಹೊಂಗಲದ ಗ್ಯಾರೇಜಿಗೆ ಕಳುಹಿಸಿದ್ದೇನೆ. ಬಣ್ಣದ ಮಾತು ಆಮೇಲೆ, ಮೊದಲು ತಳ ತೋರಿಸೆಂದು ಹೇಳಿದ್ದೇನೆ.