ಪ್ಲೇ ಸ್ಟೋರ್, ಆ್ಯಪ್ ಸ್ಟೋರ್‌ನಲ್ಲಿ ದೇಶ ಬದಲಿಸಬಹುದೇ? ಬದಲಿಸುವ ಮುನ್ನ ಇದನ್ನು ಓದಿ

"ಬೇಕಾದ ಆ್ಯಪ್ ಸಿಗುತ್ತಿಲ್ಲವೇ? ಸ್ಟೋರ್‌ನ ದೇಶ ಬದಲಿಸಿ, ಎರಡೇ ನಿಮಿಷದ ಕೆಲಸ." ಇಂಥ ಸಲಹೆಯನ್ನು ವಾಟ್ಸ್‌ಆ್ಯಪ್ ಗ್ರೂಪಿನಲ್ಲೋ ಯೂಟ್ಯೂಬ್ ವಿಡಿಯೋದಲ್ಲೋ ನೀವೂ ನೋಡಿರಬಹುದು. ಕೆಲಸ ಬೇಗ ಮುಗಿಯುತ್ತದೆ ಎಂಬುದು ನಿಜ. ಆದರೆ ಗೂಗಲ್ ಪ್ಲೇಯಲ್ಲಿ ಒಮ್ಮೆ ದೇಶ ಬದಲಿಸಿದರೆ ಮುಂದಿನ ಒಂದು ವರ್ಷ ಮತ್ತೆ ಬದಲಿಸಲು ಆಗುವುದಿಲ್ಲ ಎಂಬ ಮಾತನ್ನು ಇಂಥ ಫಾರ್ವರ್ಡ್‌ಗಳು ಸಾಮಾನ್ಯವಾಗಿ ಹೇಳುವುದಿಲ್ಲ.

ಒಂದು ಉದಾಹರಣೆ ನೋಡೋಣ. ಮೈಸೂರಿನ ಕುವೆಂಪುನಗರದ ಅಮ್ಮ ಒಬ್ಬರು ಮಗಳ ಬಾಣಂತನಕ್ಕೆಂದು ಐದಾರು ತಿಂಗಳು ಅಮೆರಿಕಕ್ಕೆ ಹೋದರು ಎಂದುಕೊಳ್ಳಿ. ಅಲ್ಲಿನ ಅಂಗಡಿಯೊಂದರ ಆ್ಯಪ್ ಅವರ ಫೋನಿನಲ್ಲಿ ಸಿಗಲಿಲ್ಲ. ಅಳಿಯಂದಿರು ತಮ್ಮ ಕಾರ್ಡ್ ಸೇರಿಸಿ, ಅತ್ತೆಯ ಖಾತೆಯ ದೇಶವನ್ನು ಅಮೆರಿಕ ಎಂದು ಬದಲಿಸಿಕೊಟ್ಟರು. ಮೈಸೂರಿಗೆ ಮರಳಿದ ಮೇಲೆ ಹೊಸ ಫೋನ್ ಕೊಂಡು ಬ್ಯಾಂಕಿನ ಆ್ಯಪ್ ಹುಡುಕಿದರೆ, ಅದು ಭಾರತದ ಸ್ಟೋರ್‌ನಲ್ಲಿ ಮಾತ್ರ ಇರುವ ಆ್ಯಪ್ ಆಗಿದ್ದರೆ, ಕಾಣುವುದೇ ಇಲ್ಲ. ವಾಪಸ್ ಭಾರತಕ್ಕೆ ಬದಲಿಸೋಣವೆಂದರೆ ವರ್ಷ ತುಂಬಿಲ್ಲ. ಪಿಂಚಣಿ ಬಂತೇ ಎಂದು ನೋಡುವುದು, ಕರೆಂಟ್ ಬಿಲ್ ಕಟ್ಟುವುದು ಎಲ್ಲವೂ ಫೋನಿನಲ್ಲೇ ಆದವರಿಗೆ ಇದು ಸಣ್ಣ ತೊಂದರೆಯಲ್ಲ.

ಸ್ಟೋರ್‌ಗೆ ದೇಶ ಏಕೆ ಬೇಕು?

ಪ್ಲೇ ಸ್ಟೋರ್ ನೋಡಲು ಒಂದೇ ಅಂಗಡಿಯಂತೆ ಕಂಡರೂ ಪ್ರತಿ ದೇಶಕ್ಕೂ ಬೇರೆ ಬೇರೆ ಲೆಕ್ಕವಿದೆ. ಬೆಲೆ ಆಯಾ ದೇಶದ ಹಣದಲ್ಲಿರುತ್ತದೆ. ತೆರಿಗೆ ಆಯಾ ದೇಶದ್ದು. ಭಾರತದಲ್ಲಿ ಡಿಜಿಟಲ್ ಸೇವೆಗಳಿಗೆ 18% ಜಿಎಸ್‌ಟಿ ಇದೆ. ಸಿನಿಮಾ, ಹಾಡು, ಪುಸ್ತಕಗಳ ಹಕ್ಕುಗಳನ್ನೂ ದೇಶವಾರು ಮಾರಲಾಗುತ್ತದೆ. ಆ್ಯಪ್ ಮಾಡಿದವರು ಯಾವ ದೇಶದಲ್ಲಿ ಅದನ್ನು ಬಿಡಬೇಕು ಎಂಬುದನ್ನು ತಾವೇ ಆರಿಸಿಕೊಳ್ಳುತ್ತಾರೆ. ಇವೆಲ್ಲದರ ಮೇಲೆ ಆಯಾ ದೇಶದ ಕಾನೂನು.

ಆದ್ದರಿಂದ ದೇಶ ಬದಲಿಸುವುದು ಫೋನಿನ ಭಾಷೆ ಬದಲಿಸಿದಂತಲ್ಲ. ಬ್ಯಾಂಕ್ ಖಾತೆಯನ್ನು ಬೇರೆ ಊರಿಗೆ ವರ್ಗ ಮಾಡಿಸಿದಂತೆ. ನಿಜವಾಗಿ ಅಲ್ಲಿ ವಾಸಕ್ಕೆ ಹೋಗುವವರಿಗಾಗಿ ಇರುವ ಸೌಲಭ್ಯ ಅದು.

ಹರಿದಾಡುವ ಮಾತು, ನಿಜಾಂಶ

ಮಾತು 1: ವಿಪಿಎನ್ ಹಾಕಿದರೆ ಸಾಕು, ದೇಶ ಬದಲಾಗುತ್ತದೆ.
ನಿಜಾಂಶ: ಸಾಲದು. ಗೂಗಲ್ ಪ್ಲೇಯ ನಿಯಮದ ಪ್ರಕಾರ ನೀವು ಹೊಸ ದೇಶದಲ್ಲಿ ಇರಬೇಕು, ಜೊತೆಗೆ ಆ ದೇಶದ ಕಾರ್ಡ್ ಅಥವಾ ಬೇರೆ ಪಾವತಿ ವಿಧಾನ ಇರಬೇಕು. ಅಗ್ಗದ ದೇಶದ ಹೆಸರಿನಲ್ಲಿ ಚಂದಾ ಪಡೆಯುವ ಉಪಾಯವೂ ಭದ್ರವಲ್ಲ. ತಾವಿರುವ ದೇಶ ಬಿಟ್ಟು ಬೇರೆ ದೇಶದ ಹೆಸರಿನಲ್ಲಿ ಕೊಂಡ ಯೂಟ್ಯೂಬ್ ಪ್ರೀಮಿಯಂ ಚಂದಾಗಳನ್ನು 2024ರ ಜೂನ್‌ನಲ್ಲಿ ರದ್ದು ಮಾಡಲಾಯಿತು.

ಮಾತು 2: ದೇಶ ಬದಲಿಸಿದರೆ ನಿಷೇಧವಾದ ಆ್ಯಪ್‌ಗಳು ಸಿಗುತ್ತವೆ.
ನಿಜಾಂಶ: 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು, ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ಸೇರಿ ಇನ್ನೂ 118 ಆ್ಯಪ್‌ಗಳನ್ನು ನಿಷೇಧಿಸಿತು. ಇದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಸೆಕ್ಷನ್ ಅಡಿಯ ಆದೇಶ. ಸ್ಟೋರ್‌ನಿಂದ ತೆಗೆದದ್ದು ಒಂದು ಭಾಗ ಮಾತ್ರ, ಸೇವೆಯನ್ನೇ ಇಲ್ಲಿ ತಡೆಯಲಾಗಿದೆ. ನಿಮ್ಮ ಖಾತೆಯಲ್ಲಿ ದೇಶದ ಹೆಸರು ಬದಲಾದ ಮಾತ್ರಕ್ಕೆ ಆ ಆದೇಶ ಬದಲಾಗುವುದಿಲ್ಲ.

ಮಾತು 3: ಹಳೆಯ ಹಣ, ಖರೀದಿ ಎಲ್ಲವೂ ಹೊಸ ದೇಶಕ್ಕೆ ಬರುತ್ತವೆ.
ನಿಜಾಂಶ: ಗೂಗಲ್ ಪ್ಲೇಯ ಭಾರತದ ಬ್ಯಾಲೆನ್ಸನ್ನು ಹೊಸ ದೇಶದಲ್ಲಿ ಬಳಸಲು ಆಗುವುದಿಲ್ಲ. ಕೊಂಡ ಕೆಲವು ಪುಸ್ತಕ, ಸಿನಿಮಾ, ಆಟ, ಆ್ಯಪ್‌ಗಳು ಕೈತಪ್ಪಬಹುದು. ಗಿಫ್ಟ್ ಕಾರ್ಡ್‌ಗಳೂ ಅಷ್ಟೇ, ಒಂದು ದೇಶದ್ದು ಇನ್ನೊಂದು ದೇಶದ ಸ್ಟೋರ್‌ನಲ್ಲಿ ನಡೆಯುವುದಿಲ್ಲ.

ಆಂಡ್ರಾಯ್ಡ್ ಫೋನಿನಲ್ಲಿ ಹೇಗೆ?

ಓದಲೋ ಕೆಲಸಕ್ಕೋ ವಿದೇಶದಲ್ಲಿ ನೆಲೆಸುವವರು ಅಲ್ಲಿ ತಲುಪಿದ ಮೇಲೆ, ಅಲ್ಲಿನ ಕಾರ್ಡ್ ಕೈಗೆ ಬಂದ ಮೇಲೆ ಹೀಗೆ ಮಾಡಬಹುದು. ಪ್ಲೇ ಸ್ಟೋರ್ ತೆರೆದು ಮೇಲಿನ ಮೂಲೆಯಲ್ಲಿರುವ ನಿಮ್ಮ ಚಿತ್ರ ಒತ್ತಿ. ಸೆಟ್ಟಿಂಗ್ಸ್, ಜನರಲ್, ಅಕೌಂಟ್ ಆ್ಯಂಡ್ ಡಿವೈಸ್ ಪ್ರಿಫರೆನ್ಸಸ್, ಅಲ್ಲಿಂದ ಕಂಟ್ರಿ ಆ್ಯಂಡ್ ಪ್ರೊಫೈಲ್ಸ್‌ಗೆ ಹೋಗಿ. ಹೊಸ ದೇಶ ಆರಿಸಿ ಪಾವತಿ ವಿಧಾನ ಸೇರಿಸಿ. ಬದಲಾವಣೆ ಕಾಣಲು 48 ಗಂಟೆ ಹಿಡಿಯಬಹುದು. ದೇಶ ಬದಲಿಸುವ ಆಯ್ಕೆಯೇ ಕಾಣದಿದ್ದರೆ ನೀವಿನ್ನೂ ಹಳೆಯ ದೇಶದಲ್ಲೇ ಇರಬಹುದು, ಅಥವಾ ವರ್ಷದೊಳಗೆ ಒಮ್ಮೆ ಬದಲಿಸಿರಬಹುದು.

ಐಫೋನ್‌ನಲ್ಲಿ ಹೇಗೆ?

ಇಲ್ಲಿ ಸಿದ್ಧತೆ ಹೆಚ್ಚು ಬೇಕು.

- ಆ್ಯಪಲ್ ಖಾತೆಯಲ್ಲಿ ಉಳಿದ ಹಣವನ್ನು ಪೂರ್ತಿ ಖರ್ಚು ಮಾಡಬೇಕು. ಏನನ್ನೂ ಕೊಳ್ಳಲು ಸಾಲದಷ್ಟು ಚಿಲ್ಲರೆ ಉಳಿದಿದ್ದರೆ ಆ್ಯಪಲ್ ಸಹಾಯವಾಣಿಯನ್ನು ಕೇಳಬೇಕು.
- ಚಂದಾಗಳನ್ನು ರದ್ದು ಮಾಡಿ, ಅವುಗಳ ಅವಧಿ ಮುಗಿಯುವವರೆಗೆ ಕಾಯಬೇಕು.
- ಫ್ಯಾಮಿಲಿ ಶೇರಿಂಗ್ ಗುಂಪಿನಲ್ಲಿದ್ದರೆ ಬದಲಾವಣೆಗೆ ಅದೇ ಅಡ್ಡಿಯಾಗಬಹುದು.
- ಮುಂದೆ ಬೇಕಾಗುವ ಆ್ಯಪ್, ಹಾಡು, ಪುಸ್ತಕಗಳನ್ನು ಮೊದಲೇ ಇಳಿಸಿಕೊಳ್ಳಬೇಕು.

ನಂತರ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಸರು ಒತ್ತಿ, ಮೀಡಿಯಾ ಆ್ಯಂಡ್ ಪರ್ಚೇಸಸ್, ವ್ಯೂ ಅಕೌಂಟ್, ಕಂಟ್ರಿ/ರೀಜನ್ ಎಂಬಲ್ಲಿ ಬದಲಿಸಿ. ಹೊಸ ದೇಶದ ವಿಳಾಸ, ಪಾವತಿ ವಿವರ ಕೊಡಬೇಕಾಗುತ್ತದೆ.

ಕೆಲವು ತಿಂಗಳಿಗೆ ಮಾತ್ರ ಹೋಗುವವರು ಏನು ಮಾಡಬೇಕು?

ಮುಖ್ಯ ಖಾತೆಯನ್ನು ಮುಟ್ಟಬೇಡಿ. ವಿದೇಶಕ್ಕೆ ಹೋದ ಮಾತ್ರಕ್ಕೆ ಫೋನಿನಲ್ಲಿರುವ ಆ್ಯಪ್‌ಗಳು ಅಳಿಸಿ ಹೋಗುವುದಿಲ್ಲ. ಅಲ್ಲಿನ ಆ್ಯಪ್ ಬೇಕೇಬೇಕು ಎಂದರೆ, ಆಂಡ್ರಾಯ್ಡ್‌ನಲ್ಲಿ ಅಲ್ಲಿರುವಾಗಲೇ ಇನ್ನೊಂದು ಗೂಗಲ್ ಖಾತೆ ತೆರೆದು ಅದೇ ಫೋನಿಗೆ ಸೇರಿಸಿಕೊಳ್ಳಬಹುದು. ಪ್ಲೇ ಸ್ಟೋರ್‌ನಲ್ಲಿ ಆ ಖಾತೆಗೆ ಹೋಗಿ ಆ್ಯಪ್ ಇಳಿಸಿಕೊಂಡು, ಮತ್ತೆ ಹಳೆಯ ಖಾತೆಗೆ ಬಂದರಾಯಿತು. ಐಫೋನ್‌ನಲ್ಲಿ ಐಕ್ಲೌಡ್ ಖಾತೆ ಹಾಗೆಯೇ ಇರಲಿ, ಮೀಡಿಯಾ ಆ್ಯಂಡ್ ಪರ್ಚೇಸಸ್‌ಗೆ ಮಾತ್ರ ನೀವೇ ತೆರೆದ ಬೇರೆ ಖಾತೆ ಬಳಸಬಹುದು. ಮೇಲಿನ ಉದಾಹರಣೆಯ ಅಮ್ಮನಿಗೆ ಇಷ್ಟೇ ಸಾಕಿತ್ತು.

ಇಲ್ಲಿ ಎಚ್ಚರ ಬೇಕು

"ಅಮೆರಿಕದ ರೆಡಿಮೇಡ್ ಆ್ಯಪಲ್ ಐಡಿ ಕೊಡುತ್ತೇವೆ" ಎನ್ನುವವರಿದ್ದಾರೆ. ಬೇರೆಯವರ ಐಡಿಯನ್ನು ನಿಮ್ಮ ಫೋನಿನ ಐಕ್ಲೌಡ್‌ಗೆ ಹಾಕಿದರೆ, ಪಾಸ್‌ವರ್ಡ್ ಗೊತ್ತಿರುವ ಆ ವ್ಯಕ್ತಿ ಎಲ್ಲೋ ಕುಳಿತು ನಿಮ್ಮ ಫೋನನ್ನೇ ಲಾಕ್ ಮಾಡಬಹುದು, ಬಿಡಿಸಲು ಹಣ ಕೇಳಬಹುದು. ಸ್ಟೋರ್ ಹೊರಗಿನ ಲಿಂಕ್‌ನಿಂದ ಎಪಿಕೆ ಫೈಲ್ ಇಳಿಸಿಕೊಳ್ಳುವುದೂ ಅಪಾಯವೇ. ಬ್ಯಾಂಕಿನ ಓಟಿಪಿ ಬರುವ ಫೋನಿನಲ್ಲಂತೂ ಬೇಡವೇ ಬೇಡ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಇದು ಸೈಬರ್ ವಂಚನೆ ದೂರಿನ ರಾಷ್ಟ್ರೀಯ ಸಹಾಯವಾಣಿ.

ಒಟ್ಟಿನಲ್ಲಿ

ದೇಶ ಬದಲಿಸಬಹುದು ಎಂಬುದು ನಿಜ. ಯಾರು ಬೇಕಾದರೂ, ಎಲ್ಲಿಂದ ಬೇಕಾದರೂ, ಎಷ್ಟು ಸಲ ಬೇಕಾದರೂ ಎಂಬುದು ಸುಳ್ಳು. ನೆಲೆಸಲು ಹೋಗುವವರು ಬ್ಯಾಲೆನ್ಸ್ ಖಾಲಿ ಮಾಡಿ ಬದಲಿಸಿಕೊಳ್ಳಿ. ಬಾಣಂತನಕ್ಕೋ ಪ್ರವಾಸಕ್ಕೋ ಹೋಗುವವರು ಎರಡನೇ ಖಾತೆ ಬಳಸಿ. ಮನೆಯ ಹಿರಿಯರ ಫೋನಿನಲ್ಲಿ ದೇಶ ಬದಲಿಸಿಕೊಡಲು ಹೊರಟ ಮಕ್ಕಳಿಗೆ ಮೊದಲು ಈ ಲೇಖನ ಕಳುಹಿಸಿ.