ಮೀನಾ ಅಬ್ದುಲ್ಲಾ: ತೈಲದ ಊರಿನಲ್ಲಿ ಪಾನನಿಷೇಧದ ಚರಿತ್ರೆ

ಕುವೈತ್ ನಗರದ ದಕ್ಷಿಣಕ್ಕೆ, ಅಹ್ಮದಿ ಪ್ರಾಂತದ ಕಡಲಂಚಿನಲ್ಲಿರುವ ಮೀನಾ ಅಬ್ದುಲ್ಲಾ ತೈಲದಿಂದಲೇ ಹುಟ್ಟಿ ಬೆಳೆದ ಬಂದರು. ಕುವೈತ್ ಮತ್ತು ಸೌದಿ ಅರೇಬಿಯ ಹಂಚಿಕೊಂಡಿದ್ದ ತಟಸ್ಥ ವಲಯದಲ್ಲಿ ಕುವೈತಿನ ಪಾಲಿನ ತೈಲದ ಹಕ್ಕನ್ನು 1948ರಲ್ಲಿ ಪಡೆದ ಅಮಿನಾಯಿಲ್ ಎಂಬ ಅಮೆರಿಕನ್ ಕಂಪನಿಗೆ 1953ರಲ್ಲಿ ವಫ್ರಾದ ಮರಳಿನಡಿ ತೈಲ ಸಿಕ್ಕಿತು. ಅದನ್ನು ಕೊಳವೆಯಲ್ಲಿ ಕಡಲತೀರಕ್ಕೆ ತಂದು ಶುದ್ಧೀಕರಿಸುವ ಸ್ಥಾವರ 1958ರಲ್ಲಿ ಇಲ್ಲಿ ಎದ್ದಿತು. 1977ರಲ್ಲಿ ಕುವೈತ್ ಸರ್ಕಾರ ಅಮಿನಾಯಿಲ್ ಕಂಪನಿಯನ್ನು ರಾಷ್ಟ್ರೀಕರಿಸಿದ ಬಳಿಕ ಸ್ಥಾವರವು ಕುವೈತ್ ರಾಷ್ಟ್ರೀಯ ಪೆಟ್ರೋಲಿಯಂ ಕಂಪನಿಯ ಪಾಲಾಯಿತು, ಸುತ್ತಲಿನ ಬಯಲಿನಲ್ಲಿ ಗೋದಾಮುಗಳು, ಕಾರ್ಖಾನೆಗಳು ಮತ್ತು ಕಾರ್ಮಿಕರ ವಸತಿಗಳು ಹಬ್ಬಿದವು. ಈ ವಸತಿಗಳಲ್ಲಿ ಇರುವವರು ಬಹುತೇಕ ದಕ್ಷಿಣ ಏಷ್ಯಾದಿಂದ ಒಂಟಿಯಾಗಿ ಬಂದ ಗಂಡಸರು. ಕಡಿಮೆ ಸಂಬಳದವರಿಗೆ ಕುಟುಂಬವನ್ನು ಕರೆತರುವ ವೀಸಾ ಸಿಗದಿರುವುದರಿಂದ ಹೆಂಡತಿ ಮಕ್ಕಳು ಊರಲ್ಲೇ ಉಳಿಯುತ್ತಾರೆ. ಮದ್ಯದ ಪ್ರಶ್ನೆ ಈ ಊರಿನಲ್ಲಿ ಧರ್ಮ ಮತ್ತು ಕಾನೂನಿನ ಪ್ರಶ್ನೆಯಾಗಿರುವಷ್ಟೇ ದುಡಿಮೆಗಾರನ ಒಂಟಿತನದ ಮತ್ತು ಆರೋಗ್ಯದ ಪ್ರಶ್ನೆಯೂ ಆಗಿದೆ.

ಕೊಲ್ಲಿ ನಾಡುಗಳಲ್ಲಿ ಮದ್ಯವನ್ನು ಇಸ್ಲಾಂ ಧರ್ಮ ಮೊದಲಿನಿಂದಲೂ ನಿಷೇಧಿಸಿದ್ದರೂ, ವಿದೇಶೀಯರಿಗೂ ಅನ್ವಯಿಸುವ ಆಧುನಿಕ ಕಾನೂನುಗಳು ತೈಲಯುಗದಲ್ಲಿ ಬಂದಂಥವು. 1951ರ ನವೆಂಬರಿನಲ್ಲಿ ಜೆದ್ದಾದಲ್ಲಿ ಸೌದಿ ರಾಜಕುಮಾರನೊಬ್ಬ ಮದ್ಯದ ಅಮಲಿನಲ್ಲಿ ಬ್ರಿಟಿಷ್ ಉಪ ಕಾನ್ಸುಲ್ ಸಿರಿಲ್ ಔಸ್ಮನ್ ಅವರನ್ನು ಗುಂಡಿಟ್ಟು ಕೊಂದ ಬಳಿಕ, ದೊರೆ ಅಬ್ದುಲ್ ಅಜೀಜ್ 1952ರಲ್ಲಿ ವಿದೇಶೀಯರಿಗೂ ಮದ್ಯವನ್ನು ನಿಷೇಧಿಸಿಬಿಟ್ಟರು. ಕುವೈತ್ ಇನ್ನೂ ಹನ್ನೆರಡು ವರ್ಷ ಬೇರೆ ದಾರಿಯಲ್ಲಿ ನಡೆಯಿತು. 1961ರವರೆಗೆ ಬ್ರಿಟಿಷರ ರಕ್ಷಣೆಯಲ್ಲಿದ್ದು, ಅದೇ ವರ್ಷದವರೆಗೆ ಭಾರತ ಹೊರಡಿಸಿದ ರೂಪಾಯಿಯನ್ನೇ ಚಲಾಯಿಸುತ್ತಿದ್ದ ಆ ನಾಡಿನಲ್ಲಿ ಮುಸ್ಲಿಮೇತರ ವಿದೇಶೀಯರು ಪರವಾನಗಿಯ ಮೇಲೆ ಮದ್ಯ ಕೊಳ್ಳಬಹುದಾಗಿತ್ತು. ಸ್ವಾತಂತ್ರ್ಯ ಬಂದು, 1962ರಲ್ಲಿ ಸಂವಿಧಾನ ರೂಪುಗೊಂಡು, 1963ರಲ್ಲಿ ಮೊದಲ ರಾಷ್ಟ್ರೀಯ ಸಭೆ ಸೇರಿದ ಮೇಲೆ 1964ರಲ್ಲಿ ಈ ಪರವಾನಗಿಯೂ ಕೊನೆಗೊಂಡಿತು. ಮದ್ಯದ ಆಮದು, ತಯಾರಿಕೆ ಮತ್ತು ಮಾರಾಟ ಅಪರಾಧಗಳಾದವು. ಸಿಕ್ಕಿಬಿದ್ದ ವಲಸಿಗನಿಗೆ ಶಿಕ್ಷೆಯ ಜೊತೆಗೆ ಗಡೀಪಾರಿನ ಭಯವೂ ಅಂಟಿಕೊಂಡಿತು.

ನಿಷೇಧ ಬಂದ ಕಡೆಗಳಲ್ಲೆಲ್ಲ ಆದಂತೆ, ಕೊಲ್ಲಿಯಲ್ಲಿಯೂ ಬಟ್ಟಿ ಇಳಿಸುವ ಕೆಲಸ ಮನೆಯೊಳಕ್ಕೆ ಸರಿಯಿತು. ಸೌದಿಯ ತೈಲ ಕಂಪನಿಗಳ ಬಡಾವಣೆಗಳಲ್ಲಿ ಅಮೆರಿಕನ್ ಇಂಜಿನಿಯರುಗಳು ಸಕ್ಕರೆ ಮತ್ತು ಯೀಸ್ಟಿನಿಂದ ಇಳಿಸುತ್ತಿದ್ದ ಮದ್ಯಕ್ಕೆ ಸಿದ್ದೀಕಿ ಎಂಬ ಹೆಸರು ಬಿತ್ತು. ರಸಾಯನಶಾಸ್ತ್ರ ಬಲ್ಲ ಇಂಜಿನಿಯರಿನ ಅಡುಗೆಮನೆಗೂ, ಯಾರೋ ಎಲ್ಲೋ ಬೆರೆಸಿ ಲೇಬಲ್ಲಿಲ್ಲದ ನೀರಿನ ಬಾಟಲಿಯಲ್ಲಿ ತುಂಬಿದ್ದನ್ನು ಕತ್ತಲಲ್ಲಿ ಕೊಳ್ಳುವ ಕೂಲಿಯವನ ಕೋಣೆಗೂ ಇರುವ ಅಂತರವನ್ನು ನಿಷೇಧದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಸಾವು ಸಂಭವಿಸುವುದು ಹೆಚ್ಚಾಗಿ ಎರಡನೆಯ ಕಡೆಯೇ.

ಕರ್ನಾಟಕದಿಂದ ಕೊಲ್ಲಿಗೆ ಹೋದವರಿಗೆ ಪಾನನಿಷೇಧ ಹೊಸ ವಿಷಯವಾಗಿರಲಿಲ್ಲ. 1956ರವರೆಗೆ ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯು, ರಾಜಾಜಿ 1937ರಲ್ಲಿ ಸೇಲಂ ಜಿಲ್ಲೆಯಲ್ಲಿ ಆರಂಭಿಸಿ 1948ರ ಹೊತ್ತಿಗೆ ಇಡೀ ಪ್ರಾಂತ್ಯಕ್ಕೆ ಹಬ್ಬಿದ ಪಾನನಿಷೇಧವನ್ನು ಕಂಡಿತ್ತು; ಧಾರವಾಡ, ಬೆಳಗಾವಿ, ಬಿಜಾಪುರ ಮತ್ತು ಉತ್ತರ ಕನ್ನಡಗಳು ಮುಂಬಯಿಯ 1949ರ ಕಾಯ್ದೆಗೆ ಒಳಪಟ್ಟಿದ್ದವು. ಕರಾವಳಿಯಲ್ಲಿ ತಾಳೆ ಮತ್ತು ತೆಂಗಿನಿಂದ ಕಳ್ಳು ಇಳಿಸಿ ಬದುಕುತ್ತಿದ್ದ ಬಿಲ್ಲವರಂಥ ಸಮುದಾಯಗಳಿಗೆ ಆ ಕಾನೂನು ಜೀವನೋಪಾಯವನ್ನೇ ಕಸಿದಿತ್ತು, ಕಾಡಿನ ತೋಡುಗಳ ಬದಿಯಲ್ಲಿ ಕಳ್ಳಭಟ್ಟಿಯ ಒಲೆಗಳು ಉರಿದಿದ್ದವು. 1967ರಲ್ಲಿ ಮೈಸೂರು ರಾಜ್ಯ ನಿಷೇಧವನ್ನು ಕೈಬಿಟ್ಟ ಮೇಲೆ ಹಳ್ಳಿಹಳ್ಳಿಗೂ ಸಾರಾಯಿ ಅಂಗಡಿ ಬಂದಿತು. ಗುತ್ತಿಗೆಯ ಹರಾಜು ಖಜಾನೆ ತುಂಬಿಸಿದರೆ, ಸಂಜೆಯ ಕೂಲಿ ಪ್ಲಾಸ್ಟಿಕ್ ಪ್ಯಾಕೆಟ್ಟಿನ ಸಾರಾಯಿಗೆ ಹೋಗಿ ಮನೆಯ ಒಲೆ ಆರಿತು. ಹೀಗೆ ಕುಡಿತಕ್ಕೆ ದೇಹವನ್ನು ಒಗ್ಗಿಸಿಕೊಂಡವನು ಒಂದು ದಿನ ವಿಮಾನವೇರಿ ಮದ್ಯವೇ ಇಲ್ಲದ ನಾಡಿನಲ್ಲಿ ಇಳಿದಾಗ ಎದುರಾಗುವ ಅಪಾಯವನ್ನು ಏಜೆಂಟನಾಗಲಿ ಮನೆಯವರಾಗಲಿ ಅವನಿಗೆ ತಿಳಿಸಿರುವುದು ಅಪರೂಪ. ವರ್ಷಗಟ್ಟಲೆ ಮದ್ಯಕ್ಕೆ ಒಗ್ಗಿದ ಮಿದುಳಿಗೆ ಅದು ಥಟ್ಟನೆ ನಿಂತುಹೋದರೆ ಎರಡು ಮೂರು ದಿನಗಳೊಳಗೆ ಕೈನಡುಕ, ನಿದ್ರಾಹೀನತೆ, ಸೆಳವು, ಇಲ್ಲದ್ದನ್ನು ಕಾಣುವ ಸನ್ನಿ ಮುಂತಾದವು ಕಾಣಿಸಿಕೊಳ್ಳಬಹುದು. ವೈದ್ಯರು ವಿರಮಣ ಲಕ್ಷಣಗಳೆಂದು ಕರೆಯುವ ಈ ಸ್ಥಿತಿಗೆ ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು. ಆ ಸಂಕಟದಲ್ಲಿರುವವನು ಕಳ್ಳ ಬಾಟಲಿಯತ್ತ ಕೈಚಾಚಿದರೆ ಅದನ್ನು ಬರಿಯ ಚಟವೆಂದು ಕರೆಯುವುದು ಅನ್ಯಾಯ.

ಕಳ್ಳ ಬಾಟಲಿಯಲ್ಲಿರುವುದು ಏನೆಂಬುದನ್ನು ಸ್ವಲ್ಪ ವಿವರವಾಗಿ ತಿಳಿಯಬೇಕು. ಕುಡಿಯುವ ಮದ್ಯದಲ್ಲಿರುವುದು ಎಥನಾಲ್, ಅಂದರೆ ಸಕ್ಕರೆಯ ಹುದುಗುವಿಕೆಯಿಂದ ಹುಟ್ಟುವ ಮದ್ಯಸಾರ. ಅದೂ ನಿರಪಾಯಕಾರಿಯಲ್ಲ: 1988ರಲ್ಲೇ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು, ಮತ್ತು 2019ರಲ್ಲಿ ಜಗತ್ತಿನಾದ್ಯಂತ ಮದ್ಯದಿಂದ ಸುಮಾರು 26 ಲಕ್ಷ ಜನ ಸತ್ತರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮೆಥನಾಲ್ ಇದಕ್ಕಿಂತ ಬೇರೆಯೇ ವಸ್ತು. ಬಣ್ಣ, ದ್ರಾವಕ ಮತ್ತು ಇಂಧನಗಳಿಗೆ ಬಳಸುವ ಈ ಅಗ್ಗದ ಕೈಗಾರಿಕಾ ರಾಸಾಯನಿಕವು ನೋಟದಲ್ಲಿ ಎಥನಾಲನ್ನೇ ಹೋಲುತ್ತದೆ, ವಾಸನೆ ಮತ್ತು ರುಚಿಯಿಂದಲೂ ಗುರುತು ಹಿಡಿಯಲಾಗದು. ಲಾಭಕೋರರು ಇದನ್ನು ಮದ್ಯದಲ್ಲಿ ಬೆರೆಸುತ್ತಾರೆ ಅಥವಾ ಮದ್ಯವೆಂದೇ ಮಾರುತ್ತಾರೆ. ಹೊಟ್ಟೆಗೆ ಹೋದ ಮೆಥನಾಲನ್ನು ಯಕೃತ್ತು ಮೊದಲು ಫಾರ್ಮಾಲ್ಡಿಹೈಡ್ ಆಗಿಯೂ ಅನಂತರ ಫಾರ್ಮಿಕ್ ಆಮ್ಲವಾಗಿಯೂ ಒಡೆಯುತ್ತದೆ. ರಕ್ತವನ್ನು ಆಮ್ಲೀಯಗೊಳಿಸಿ, ಕಣ್ಣಿನ ನರವನ್ನು ಸುಟ್ಟು, ಉಸಿರು ನಿಲ್ಲಿಸುವುದು ಈ ಆಮ್ಲವೇ. ಒಡೆಯುವ ಕೆಲಸಕ್ಕೆ ಸಮಯ ಹಿಡಿಯುವುದರಿಂದ ಕುಡಿದವನಿಗೆ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಗಳ ಕಾಲ ಹೆಚ್ಚೇನೂ ಅನಿಸದೆ ಇರಬಹುದು, ಮರುದಿನದ ತಲೆನೋವು ಮತ್ತು ವಾಂತಿಯನ್ನು ಅವನು ಸಾಮಾನ್ಯ ಅಮಲಿನ ಶೇಷವೆಂದೇ ಭಾವಿಸಿ ಮಲಗಿಬಿಡಬಹುದು. ಇದೇ ಗಂಟೆಗಳಲ್ಲಿ ಆಸ್ಪತ್ರೆ ಸೇರಿದರೆ ಫೊಮೆಪಿಜೋಲ್ ಎಂಬ ಪ್ರತಿವಿಷದಿಂದ ಮತ್ತು ರಕ್ತವನ್ನು ಯಂತ್ರದಿಂದ ಶುದ್ಧೀಕರಿಸುವ ಡಯಾಲಿಸಿಸ್‌ನಿಂದ ಕಣ್ಣು ಮತ್ತು ಜೀವ ಎರಡೂ ಉಳಿಯುವ ಸಾಧ್ಯತೆಯಿದೆ.

2025ರ ಆಗಸ್ಟಿನಲ್ಲಿ ಕುವೈತ್ ಕಂಡ ದುರಂತ ಇದೇ ವಿಷದ್ದು. ಆರೋಗ್ಯ ಸಚಿವಾಲಯ ಮೊದಲು 63 ಪ್ರಕರಣ ಮತ್ತು 13 ಸಾವುಗಳನ್ನು ಪ್ರಕಟಿಸಿತು. ಕೆಲವೇ ದಿನಗಳಲ್ಲಿ ಪ್ರಕರಣಗಳು 160ಕ್ಕೆ, ಸಾವುಗಳು 23ಕ್ಕೆ ಏರಿದವು. ಸಂತ್ರಸ್ತರು ಹೆಚ್ಚಾಗಿ ಏಷ್ಯಾದ ವಲಸಿಗರಾಗಿದ್ದರು, ಸುಮಾರು 40 ಭಾರತೀಯರು ಆಸ್ಪತ್ರೆ ಸೇರಿದರೆಂದು ಭಾರತದ ರಾಯಭಾರ ಕಚೇರಿ ತಿಳಿಸಿತು. ಅನೇಕರಿಗೆ ತುರ್ತು ಡಯಾಲಿಸಿಸ್ ಬೇಕಾಯಿತು, ಹಲವರು ದೃಷ್ಟಿ ಕಳೆದುಕೊಂಡರು. ಪೊಲೀಸರು 67 ಜನರನ್ನು ಬಂಧಿಸಿ, ವಸತಿ ಮತ್ತು ಕೈಗಾರಿಕಾ ಪ್ರದೇಶಗಳಲ್ಲಿ ಅಡಗಿದ್ದ ತಯಾರಿಕಾ ಘಟಕಗಳನ್ನು ಮುಚ್ಚಿಸಿದರು.

ಇದನ್ನು ನಿಷೇಧದ ಸೋಲೆಂದು ಥಟ್ಟನೆ ತೀರ್ಮಾನಿಸುವವರು ಬೆಂಗಳೂರಿನ ಚರಿತ್ರೆಯನ್ನೂ ನೋಡಬೇಕು. 1981ರ ಜುಲೈನಲ್ಲಿ ಅಲ್ಲಿ ವಿಷಮದ್ಯ ಕುಡಿದು 300ಕ್ಕೂ ಹೆಚ್ಚು ಬಡವರು ಸತ್ತಾಗ ಸಾರಾಯಿ ಕಾನೂನುಬದ್ಧವಾಗಿಯೇ ಮಾರಾಟವಾಗುತ್ತಿತ್ತು. 2007ರ ಜುಲೈ 1ರಂದು ಕರ್ನಾಟಕ ಸಾರಾಯಿಯನ್ನು ನಿಷೇಧಿಸಿದ ಹತ್ತೇ ತಿಂಗಳಲ್ಲಿ, 2008ರ ಮೇ ತಿಂಗಳಲ್ಲಿ, ಬೆಂಗಳೂರು ಮತ್ತು ಕೋಲಾರದಿಂದ ತಮಿಳುನಾಡಿನ ಕೃಷ್ಣಗಿರಿಯವರೆಗೆ 150ಕ್ಕೂ ಹೆಚ್ಚು ಜನ ಮತ್ತೆ ಅದೇ ವಿಷಕ್ಕೆ ಬಲಿಯಾದರು. ಅಂಗಡಿ ತೆರೆದಿದ್ದಾಗಲೂ ಮುಚ್ಚಿದಾಗಲೂ ಸತ್ತವನು ಅತ್ಯಂತ ಅಗ್ಗದ ಬಾಟಲಿಯನ್ನು ಕೊಂಡವನೇ. ನಿಷೇಧದಿಂದ ಒಟ್ಟು ಕುಡಿತ ತಗ್ಗುತ್ತದೆ, ಯಕೃತ್ತಿನ ಕಾಯಿಲೆ, ರಸ್ತೆ ಅಪಘಾತ, ಮನೆಯೊಳಗಿನ ಹೊಡೆತಗಳೂ ತಗ್ಗುತ್ತವೆ. ಈ ಲಾಭವನ್ನು ಅಲ್ಲಗಳೆಯುವಂತಿಲ್ಲ. ಆದರೆ ಕೈಗಾರಿಕಾ ಮೆಥನಾಲಿನ ಸಾಗಣೆಯ ಮೇಲೆ ನಿಗಾ ಇಲ್ಲದ ಮತ್ತು ವ್ಯಸನಿಗೆ ಚಿಕಿತ್ಸೆಯ ಬಾಗಿಲು ತೆರೆಯದ ನಿಷೇಧವು ಅರ್ಧ ಕೆಲಸ ಮಾತ್ರ. ಕರ್ನಾಟಕದಲ್ಲಿ ಆ ಉಳಿದರ್ಧವನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವ್ಯಸನ ಚಿಕಿತ್ಸಾ ಕೇಂದ್ರವೂ, ಧರ್ಮಸ್ಥಳದ ಜನಜಾಗೃತಿ ವೇದಿಕೆ ಹಳ್ಳಿಗಳಲ್ಲಿ ನಡೆಸುತ್ತ ಬಂದಿರುವ ಮದ್ಯವರ್ಜನ ಶಿಬಿರಗಳೂ ಒಂದಿಷ್ಟು ತುಂಬಿವೆ. ಕೊಲ್ಲಿಗೆ ಹೊರಡುವ ಮುನ್ನವೇ ಕುಡಿತ ಬಿಡಿಸಿಕೊಳ್ಳುವ ಅವಕಾಶ ಇಂಥ ಕಡೆಗಳಲ್ಲಿದೆ, ಮತ್ತು ವೀಸಾದ ವೈದ್ಯಕೀಯ ತಪಾಸಣೆಗೆ ಕೊಡುವ ಗಮನದಲ್ಲಿ ಕಾಲುಭಾಗವನ್ನಾದರೂ ಮನೆಯವರು ಇದಕ್ಕೆ ಕೊಡಬೇಕು.

ಗಡೀಪಾರಿನ ಭಯದಿಂದ ಕೋಣೆಯಲ್ಲೇ ಉಳಿಯುವ ಒಂದೊಂದು ಗಂಟೆಯೂ ಮೆಥನಾಲಿಗೆ ಸಿಕ್ಕ ಗಂಟೆ. ಮೀನಾ ಅಬ್ದುಲ್ಲಾದ ವಸತಿಗಳಲ್ಲಾಗಲಿ ಬೇರೆಲ್ಲಿಯಾಗಲಿ, ಕುಡಿದ ಮರುದಿನ ಜೊತೆಗಾರನಿಗೆ ಕಣ್ಣು ಮಂಜಾದರೆ, ಉಸಿರು ಭಾರವಾದರೆ, ಹೊಟ್ಟೆನೋವು ಮತ್ತು ವಾಂತಿ ನಿಲ್ಲದಿದ್ದರೆ, ಅವನನ್ನು ಮಲಗಲು ಬಿಡದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಕುವೈತಿನಲ್ಲಿ ತುರ್ತು ಸೇವೆಯ ಸಂಖ್ಯೆ 112.